ಡಬ್ಬಿ ನಾಲ್ಕು

ಒಳತುಂಡಿನ ಮೇಲೆ 417. ಅದನ್ನು ಹೊತ್ತ ಹೊರಕವಚದ ಮೇಲೆ 471. ಎರಡನ್ನೂ ನಾನೇ ಭೂತಗನ್ನಡಿ ಹಿಡಿದು ಓದಿ, ಒಂದೇ ಕಾರ್ಡಿನಲ್ಲಿ ಒಂದರ ಕೆಳಗೊಂದು ಬರೆದಿದ್ದೆ. ಹದಿನೆಂಟು ದಿನ ಅವೆರಡೂ ಒಂದೇ ಸಂಖ್ಯೆ ಎಂದುಕೊಂಡಿದ್ದೆ.

ಇದು ಫಿಲ್ಮ್ ತುಂಬುವ ಮ್ಯಾಗಜೀನಿನ ವಿಷಯ. ನಾನು ಹೇಳುತ್ತಿರುವ ಕ್ಯಾಮೆರಾಗಳು ಮೀಡಿಯಂ ಫಾರ್ಮ್ಯಾಟಿನವು. ಸುಮಾರು ಆರು ಸೆಂಟಿಮೀಟರ್ ಅಗಲದ ರೋಲ್ ಫಿಲ್ಮು, ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಈ ಸರಣಿಯಲ್ಲಿ ಕ್ಯಾಮೆರಾ ಎನ್ನುವುದು ಒಂದೇ ವಸ್ತುವಲ್ಲ. ನಡುವೆ ಬಾಡಿ ಎಂಬ ಪೆಟ್ಟಿಗೆ, ಮುಂದೆ ಲೆನ್ಸು, ಮೇಲೆ ನೋಡುವ ಕಿಂಡಿ, ಪಕ್ಕದಲ್ಲಿ ತಿರುಗಿಸುವ ಹಿಡಿಕೆ, ಹಿಂದೆ ಮ್ಯಾಗಜೀನು. ಪ್ರತಿಯೊಂದನ್ನೂ ಕಳಚಿ ಬೇರೆಯದನ್ನು ಸಿಕ್ಕಿಸಬಹುದು. ರೋಲು ಅರ್ಧ ಮುಗಿದಿದ್ದರೂ ಮ್ಯಾಗಜೀನನ್ನು ತೆಗೆದು ಇನ್ನೊಂದನ್ನು ಹಾಕಬಹುದು. ಫಿಲ್ಮಿಗೆ ಬೆಳಕು ಬೀಳದಂತೆ ತೆಳುವಾದ ಉಕ್ಕಿನ ತಗಡೊಂದನ್ನು ಸೀಳಿನಲ್ಲಿ ತೂರಿಸಿದರಾಯಿತು. ಮ್ಯಾಗಜೀನಿನಲ್ಲಿ ಮತ್ತೆ ಎರಡು ಭಾಗ, ಹೊರಕವಚ ಮತ್ತು ಫಿಲ್ಮ್ ಸುತ್ತಿಕೊಳ್ಳುವ ಒಳತುಂಡು. ಕಾರ್ಖಾನೆಯಲ್ಲಿ ಅವನ್ನು ಜೋಡಿಯಾಗಿಯೇ ಹೊಂದಿಸಿರುತ್ತಾರೆ. ಸಂಖ್ಯೆಯ ಕೊನೆಯ ಮೂರು ಅಂಕಿ ಎರಡರಲ್ಲೂ ಒಂದೇ ಇರಬೇಕು.

ಹಾವೇರಿಯಲ್ಲಿ ಒಂದು ಸಂಸ್ಥೆ ಜಿಲ್ಲೆಯ ಹಳೆಯ ಸ್ಟುಡಿಯೋ ಚಿತ್ರಗಳಿಗಾಗಿ ಗ್ಯಾಲರಿ ಮಾಡಲು ಹೊರಟಿತ್ತು. ನನ್ನನ್ನು ಮೂರು ತಿಂಗಳ ಕರಾರಿನ ಮೇಲೆ ತೆಗೆದುಕೊಂಡಿದ್ದರು. ಬಂದ ವಸ್ತುಗಳ ಪಟ್ಟಿ ಮಾಡುವುದು, ಪ್ರತಿಯೊಂದರ ಸ್ಥಿತಿಯ ವರದಿ ಬರೆಯುವುದು ನನ್ನ ಕೆಲಸ. ವರದಿಗೆ ನನ್ನ ಸಹಿ ಬಿದ್ದ ಮೇಲೆಯೇ ವಸ್ತು ಸಂಗ್ರಹಕ್ಕೆ ಸೇರಿದಂತೆ. ಹಾಗಂತ ಕರಾರಿನಲ್ಲೇ ಇತ್ತು. ಸೇರದೆ ಉಳಿದದ್ದನ್ನು ಮಾಲೀಕರಿಗೆ ಹಿಂತಿರುಗಿಸುವುದೂ ನನ್ನದೇ ಹೊಣೆ ಎಂದಿತ್ತು. ಆ ಸಾಲನ್ನು ಆಗ ಯಾರೂ ಗಮನಿಸಿರಲಿಲ್ಲ, ನಾನೂ.

ಮೊದಲ ದೊಡ್ಡ ದಾನ ಬಂದದ್ದು ಬ್ಯಾಡಗಿಯಿಂದ. ಕೊಟ್ಟವರು ಅಲ್ಲಿನ ಮಾರ್ಕೆಟ್ ರಸ್ತೆಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟವರು. ಅವರ ತೀರಿಕೊಂಡ ತಂದೆ ಅದೇ ಜಾಗದಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದ್ದರು. ಎರಡು ಬಾಡಿ, ಮೂರು ಲೆನ್ಸು, ನಾಲ್ಕು ಮ್ಯಾಗಜೀನು, ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಮಡಚುಕಿಂಡಿ ಒಂದು, ಕಣ್ಣಿನ ಮಟ್ಟಕ್ಕೆ ಹಿಡಿಯುವ ಪ್ರಿಸಂ ಒಂದು, ಹತ್ತಿರದ ಚಿತ್ರಕ್ಕೆ ಬೇಕಾದ ಉಂಗುರ ಕೊಳವೆಗಳು, ಹಾರ್ಮೋನಿಯಂ ತಿದಿಯಂತೆ ಹಿಗ್ಗುವ, ಲೆನ್ಸಿಗೆ ಬಿಸಿಲು ತಾಗದಂತೆ ತಡೆಯುವ ಮಡಿಕೆ ಮಡಿಕೆಯ ಮರೆ. ಜೊತೆಗೆ ನೆಗೆಟಿವ್‌ಗಳ ಒಂದು ಟ್ರಂಕು.

ಆ ಟ್ರಂಕು ಅಷ್ಟು ವರ್ಷ ಇದ್ದದ್ದು ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ. ಸ್ಟುಡಿಯೋದವರಿಗೆ ಅಲ್ಲಿ ಗೆಳೆಯರಿದ್ದರು. ಚೀಲಗಳ ನಡುವೆ ಒಂದು ಮೂಲೆ ಕೊಟ್ಟಿದ್ದರು. ಫಿಲ್ಮಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ತಣ್ಣಗಿನ ಟ್ರಂಕನ್ನು ತಂದ ಕೂಡಲೇ ತೆರೆದರೆ ನೆಗೆಟಿವ್ ಬೆವರುತ್ತದೆ. ಆದ್ದರಿಂದ ಒಂದೂವರೆ ದಿನ ಮುಚ್ಚಿಯೇ ಇಟ್ಟೆ. ತೆರೆದಾಗ ಲಕೋಟೆಗಳೆಲ್ಲ ಗಟ್ಟಿಮುಟ್ಟಾಗಿದ್ದವು. ನಾನು ಮಾತ್ರ ಮಧ್ಯಾಹ್ನದವರೆಗೆ ಸೀನಿದೆ.

ಲಕೋಟೆಗಳ ಮೇಲೆ ನೀಲಿ ಮಸಿಯಲ್ಲಿ ತಾರೀಖು, ಊರು, ಅದರ ಕೆಳಗೆ ‘ಡಬ್ಬಿ ೧’, ‘ಡಬ್ಬಿ ೩’, ‘ಡಬ್ಬಿ ೪’ ಎಂದು ಬರೆದಿತ್ತು. ಕೆಲವುಗಳ ಮೇಲೆ ‘ಕಡ್ಡಿ ಇಲ್ಲ’ ಎಂದೂ ಇತ್ತು. ಹೊರಗಿನವರು ಯಾರಾದರೂ ಆಗಿದ್ದರೆ ಡಬ್ಬಿ ಎಂದರೆ ಡಬ್ಬಿ ಎಂದೇ ಓದುತ್ತಿದ್ದರು. ನಾನು ಈ ಜಿಲ್ಲೆಯಲ್ಲಿ ಹುಟ್ಟಿದವಳು. ಬ್ಯಾಡಗಿಯಲ್ಲಿ ಡಬ್ಬಿ ಎಂದರೆ ಗಿಡ್ಡ, ಗುಂಡು ಮೆಣಸಿನಕಾಯಿ. ಕಡ್ಡಿ ಎಂದರೆ ಉದ್ದನೆಯ ಸುಕ್ಕಿನದು. ಟ್ರಂಕು ಬಂದದ್ದು ಚೀಲಗಳ ನಡುವಿನಿಂದ, ಫೋಟೋ ತೆಗೆಸಿಕೊಂಡವರಲ್ಲಿ ಮುಕ್ಕಾಲು ಪಾಲು ಮಾಲು ತಂದ ರೈತರು, ಅಡತಿಯ ದಲಾಲರು. ನಾನು ಎರಡು ಬಾರಿ ಯೋಚಿಸಲಿಲ್ಲ, ಒಳಗಿನ ನೆಗೆಟಿವ್ ಎತ್ತಿ ನೋಡಲೂ ಇಲ್ಲ. ‘ವಿಷಯ: ಮೆಣಸಿನಕಾಯಿ ವ್ಯಾಪಾರಿ ಕುಟುಂಬ. ಸರಕು: ಡಬ್ಬಿ, ನಾಲ್ಕು ಚೀಲ’ ಎಂದು ಕಾರ್ಡು ಬರೆದೆ. ಅಂಥವೇ ಇಪ್ಪತ್ತಾರು ಕಾರ್ಡು. ಅಷ್ಟು ವರ್ಷಗಳಲ್ಲಿ ಒಬ್ಬನೂ ಐದು ಚೀಲ ತಂದಿರಲಿಲ್ಲವೇ ಎಂದು ನನಗೆ ಅನ್ನಿಸಲಿಲ್ಲ.

ಛಾಯಾಗ್ರಾಹಕರ ಹೆಸರಿನ ಜಾಗಕ್ಕೆ ದಾನಿಯ ತಂದೆಯ ಹೆಸರಿನ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಂಡಿದ್ದೆ. ಒಂದೇ ಹೆಸರನ್ನು ಅಷ್ಟು ಸಲ ಬರೆಯುವುದೇಕೆ ಎಂದು. ಇದನ್ನು ಮುಂದೆ ಬೇರೆಯವರ ಮೇಲೆ ಸಿಟ್ಟಾಗುವ ಮೊದಲು ಹೇಳಿಬಿಡುವುದು ಒಳ್ಳೆಯದು.

ಗ್ಯಾಲರಿಯ ಉದ್ಘಾಟನೆಗೆ ಕ್ಯಾಮೆರಾವನ್ನು ಚಾಲೂ ಸ್ಥಿತಿಯಲ್ಲಿ ತೋರಿಸಬೇಕೆಂಬುದು ನಮ್ಮ ಸಂಯೋಜಕರ ಆಸೆ. ಅವರು ನಿವೃತ್ತ ಪ್ರಾಂಶುಪಾಲರು, ಎಲ್ಲರನ್ನೂ ‘ತಂಗಿ’, ‘ತಮ್ಮ’ ಎನ್ನುವವರು. ಆದರೆ ಬಂದ ಎರಡು ಬಾಡಿಗಳಲ್ಲಿ ಒಂದು ಸತ್ತಿತ್ತು, ಇನ್ನೊಂದು ಲೆನ್ಸಿನ ಜೊತೆ ಕಚ್ಚಿಕೊಂಡು ಕೂತಿತ್ತು. ಈ ಸರಣಿಯಲ್ಲಿ ಬಾಡಿ ಮತ್ತು ಲೆನ್ಸು ಎರಡರ ಸ್ಪ್ರಿಂಗೂ ಬಿಗಿದಿರುವಾಗ ಮಾತ್ರ ಲೆನ್ಸು ಕಳಚಿ ಬರುತ್ತದೆ. ಯಾರೋ ಅದು ಗೊತ್ತಿಲ್ಲದೆ ಎಳೆದಿದ್ದರು. ಹಿಂದಿನಿಂದ ಮ್ಯಾಗಜೀನು ತೆಗೆದು, ಒಳಗಿನ ಎರಡು ಬಾಗಿಲುಗಳನ್ನು ಬೆರಳಿನಿಂದ ಸರಿಸಿ, ಉದ್ದನೆಯ ಸ್ಕ್ರೂಡ್ರೈವರನ್ನು ಪೂರ್ತಿ ಒಳಗೆ ಇಳಿಸಿ, ಲೆನ್ಸಿನ ಹಿಂಬದಿಯ ಸ್ಕ್ರೂವಿನ ಸಣ್ಣ ಸೀಳನ್ನು ಹುಡುಕಿ ಬಲಕ್ಕೆ ಸುಮಾರು ಒಂದು ಸುತ್ತು ತಿರುಗಿಸಬೇಕು. ಜಾರಿದರೆ ಗಾಜಿನ ಮೇಲೆ ಗೀರು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಾಡಿದೆ. ಟಕ್ ಎಂದಿತು, ಲೆನ್ಸು ಕೈಗೆ ಬಂತು.

ಮೊದಲ ಪರೀಕ್ಷೆಯ ರೋಲನ್ನು ನಾಲ್ಕನೆಯ ಮ್ಯಾಗಜೀನಿಗೆ ಹಾಕಿದೆ. ಗ್ಯಾಲರಿಯ ಬಚ್ಚಲಿನಲ್ಲೇ ತೊಳೆದೆ. ನಮ್ಮ ನಲ್ಲಿ ನೀರು ಇಪ್ಪತ್ತೆಂಟು ಡಿಗ್ರಿ, ಡೆವಲಪರಿಗೆ ಬೇಕಾದದ್ದು ಇಪ್ಪತ್ತು. ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ಐಸು ತಂದು ಇಳಿಸಿದೆ. ಒಣಗಿಸಿ ನೋಡಿದರೆ ಚಿತ್ರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಮೂರನೆಯ ಚಿತ್ರದ ಗೋಡೆಯೊಳಗಿಂದ ನಾಲ್ಕನೆಯದರ ಬೇವಿನ ಮರ ಬೆಳೆದಿತ್ತು.

ಸಂಯೋಜಕರು ಅದನ್ನು ಕಿಟಕಿಗೆ ಹಿಡಿದು ನೋಡಿದರು. “ಕೆಟ್ಟೈತಿ ಅಂತ ಬರದು ಸಹಿ ಮಾಡಿಬಿಡವಾ ತಂಗಿ. ಗಾಜಿನ ಕಪಾಟಿನ್ಯಾಗ ಇಟ್ರ ಕೆಟ್ಟದ್ದೂ ಒಂದ, ಚಲೋದೂ ಒಂದ.”

ಸಹಿ ಮಾಡಲು ಕಾರ್ಡು ತೆಗೆದಾಗಲೇ 417 ಮತ್ತು 471 ಕಂಡದ್ದು. ಎರಡನೆಯ ಮ್ಯಾಗಜೀನು ತೆಗೆದು ನೋಡಿದೆ. ಅಲ್ಲಿ ಕವಚ 417, ಒಳತುಂಡು 471. ಬ್ಯಾಡಗಿಗೆ ಫೋನು ಮಾಡಿದೆ.

ದಾನ ಕೊಟ್ಟ ಮಗ ಹೇಳಿದರು, “ಹೌದ್ರಿ ಮೇಡಂ, ಕೊಡೂದಕಿಂತ ಮೊದಲ ನಾಲ್ಕೂ ಬಿಚ್ಚಿ ಒರಿಸಿಟ್ಟಿದ್ವಿ. ಲಕಲಕ ಅನ್ನಾಕತ್ತಿದ್ವಿಲ್ಲ?”

ಅನ್ನುತ್ತಿದ್ದವು. ಒರೆಸುವಾಗ ತಪ್ಪಿಹೋಗಿದ್ದ ಆ ಎರಡು ಒಳತುಂಡುಗಳನ್ನು ಮತ್ತೆ ಅದಲು ಬದಲು ಮಾಡಿ ನಾಲ್ಕು ಮ್ಯಾಗಜೀನಿಗೂ ಒಂದೊಂದು ರೋಲು ಹಾಕಿ, ಅದೇ ಬೇವಿನ ಮರವನ್ನು ನಲವತ್ತೆಂಟು ಸಲ ತೆಗೆದೆ. ಈ ಬಾರಿ ಚಿತ್ರಗಳ ನಡುವೆ ಅಂತರ ಸಮನಾಗಿ ಬಂತು. ಅಂತರ ಅಳೆಯಲೆಂದು ಬೆಳಕಿನ ಮೇಜಿನ ಮೇಲೆ ಹರಡಿದಾಗ ಅಂಚಿನ ಕಚ್ಚುಗಳು ಕಂಡವು. ಈ ಸರಣಿಯ ಎಲ್ಲ ಮ್ಯಾಗಜೀನುಗಳ ಚೌಕಟ್ಟಿನಲ್ಲೂ ಕಾರ್ಖಾನೆಯವರೇ ಕೊರೆದ ಎರಡು ಸಣ್ಣ ಕಚ್ಚು ಇರುತ್ತವೆ; ಅವು ಪ್ರತಿ ನೆಗೆಟಿವಿನ ಎಡ ಅಂಚಿನಲ್ಲಿ ಮೂಡುತ್ತವೆ. ಇಲ್ಲಿ ಅವುಗಳ ಕೆಳಗೆ ಯಾರೋ ಅರದಿಂದ ಉಜ್ಜಿ ಮಾಡಿದ ಕಚ್ಚುಗಳೂ ಇದ್ದವು. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ಎಲ್ಲ ಚೂಪು ಮೂಲೆಯವು. ನಾಲ್ಕನೆಯದಕ್ಕೆ ಮಾತ್ರ ಒಂದೇ ಕಚ್ಚು, ಅದೂ ಅರ್ಧಚಂದ್ರದ ಆಕಾರ. ಯಾವ ಚಿತ್ರ ಯಾವ ಮ್ಯಾಗಜೀನಿನಿಂದ ಬಂತೆಂದು ತಿಳಿಯಲು ಕಸುಬಿನವರು ಹೀಗೆ ಗುರುತು ಮಾಡಿಕೊಳ್ಳುತ್ತಿದ್ದರು.

ಟ್ರಂಕಿನ ಹಳೆಯ ನೆಗೆಟಿವ್‌ಗಳನ್ನು ಪಕ್ಕದಲ್ಲಿಟ್ಟೆ. ‘ಡಬ್ಬಿ ೧’ ಎಂದು ಬರೆದ ಲಕೋಟೆಯಲ್ಲಿ ಒಂದು ಕಚ್ಚು. ‘ಡಬ್ಬಿ ೩’ರಲ್ಲಿ ಮೂರು. ‘ಡಬ್ಬಿ ೪’ರ ಇಪ್ಪತ್ತಾರು ರೋಲುಗಳಲ್ಲೂ ಅರ್ಧಚಂದ್ರ. ಆ ಇಪ್ಪತ್ತಾರರಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಎಲ್ಲ ಹೆಂಗಸರು. ಒಂದೇ ಕೋಣೆ, ಒಂದೇ ಕಿಟಕಿ. ತಲೆಯ ಸೆರಗು ಜಾರಿಸಿದವರು, ಬುರ್ಖಾ ಗೂಟಕ್ಕೆ ಹಾಕಿ ಕುಳಿತವರು, ಕೂದಲು ಬಿಚ್ಚಿ ಹರಡಿಕೊಂಡವರು, ಮಗುವಿಗೆ ಹಾಲೂಡಿಸುತ್ತ ನಗುತ್ತಿರುವವರು.

ನಾಲ್ಕನೆಯ ಮ್ಯಾಗಜೀನಿನ ಬೆನ್ನಿಗೆ, ಫಿಲ್ಮಿನ ಹೆಸರಿನ ಚೀಟಿ ಸಿಕ್ಕಿಸುವ ಜಾಗದಲ್ಲಿ, ಉರ್ದುವಿನ ಒಂದು ತುಂಡು ಕಾಗದವಿತ್ತು. ಕರ್ಜಗಿಯಿಂದ ಬೈಕಿನಲ್ಲಿ ಬರುವ ನಮ್ಮ ಕಚೇರಿಯ ಸಹಾಯಕರು ಅದನ್ನು ಓದಿದರು.

“ಒಳಗಿನ ಕೋಣಿ ಅಂತ ಐತ್ರಿ. ಕೆಳಗ, ಯಾರೂ ಮುಟ್ಟಬ್ಯಾಡ್ರಿ ಅಂತ. ಹೆಣ್ಮಕ್ಕಳ ಅಕ್ಷರ ಇದು. ಭಾಳ ಸಿಟ್ಟಿನ್ಯಾಕಿ ಇರಬೇಕು.”

ಮತ್ತೆ ಬ್ಯಾಡಗಿಗೆ ಫೋನು. ಮಗ ಹೇಳಿದರು, “ಅದು ನಮ್ಮ ಫೂಫಿದು ಇರಬೇಕ್ರಿ, ಅಬ್ಬಾನ ತಂಗಿ. ರಾಣೆಬೆನ್ನೂರಾಗ ಅದಾರ. ಮದಿವಿಗಿಂತ ಮೊದಲ ಸ್ಟುಡಿಯೋದಾಗ ರೀಲ್ ತುಂಬಿ ಕೊಡತಿದ್ರು, ಅಷ್ಟ.”

ಅಷ್ಟ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ರಾಣೆಬೆನ್ನೂರಿನಲ್ಲಿ ಅವರು ಉರ್ದು ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು. ಅರವತ್ತು ದಾಟಿದೆ, ಗಿಡ್ಡ ಮೈಕಟ್ಟು, ಕನ್ನಡಕಕ್ಕೆ ಕಪ್ಪು ದಾರ. ನಾಲ್ಕನೆಯ ಮ್ಯಾಗಜೀನನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ಕೈಗೆ ಕೊಟ್ಟ ಕೂಡಲೇ ಕೀಲಿ ತಿರುಗಿಸಿ ಒಳತುಂಡು ಎಳೆದರು. ನನ್ನ ಬಳಿ ಇದ್ದ ಒಂದು ಹಾಳು ರೋಲು ಕೇಳಿ ತೆಗೆದುಕೊಂಡು, ಮಾತಾಡುತ್ತಲೇ, ಕೆಳಗೆ ನೋಡದೆ, ಕಾಗದದ ತುದಿಯನ್ನು ಕ್ಲಿಪ್ಪಿನಡಿ ತೂರಿಸಿ, ಬಾಣದ ಗುರುತು ಚುಕ್ಕೆಗೆ ಬರುವವರೆಗೆ ಸುತ್ತಿ ಮುಚ್ಚಿದರು. ಈ ಕೆಲಸಕ್ಕೆ ನನಗೆ ಇಂದಿಗೂ ಎರಡು ನಿಮಿಷ ಬೇಕು.

ಇಪ್ಪತ್ತಾರು ಕಾರ್ಡುಗಳ ವಿಷಯ ಹೇಳಿದೆ. ಹೇಳದೆ ಇರಬಹುದಿತ್ತು. ಅವರು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

“ನಾಲ್ಕ ಚೀಲ ಡಬ್ಬಿ? ಯಾ ಅಲ್ಲಾ. ಬೇಟಾ, ಬ್ಯಾಡಗ್ಯಾಗ ಎರಡ ಜಾತಿ, ಡಬ್ಬಿ, ಕಡ್ಡಿ. ನಮ್ಮ ಕ್ಯಾಮೆರಾದಾಗೂ ಎರಡ. ಇದು ಡಬ್ಬಿ, ಈ ತಗಡು ಕಡ್ಡಿ. ನಮ್ಮಣ್ಣ ಇಟ್ಟ ಹೆಸರು. ನಾಲ್ಕನೇದರ ಕಡ್ಡಿ ಆಗಾಗ ನಾನ ಕಳೀತಿದ್ದೆ. ಅದಕ್ಕ ನಾ ಮುಚ್ಚಿ ಕೊಟ್ಟ ಲಕೋಟಿ ಮ್ಯಾಲ ಕಡ್ಡಿ ಇಲ್ಲ ಅಂತ ಬರೀತಿದ್ದ, ನನಗ ಬೈಯಾಕ.”

“ಕಚ್ಚು ಯಾಕ್ರಿ ಅರ್ಧಚಂದ್ರ?”

“ನಾನ ಮಾಡಿದ್ದು. ಅಕ್ಕಸಾಲ್ಯಾರ ಅಂಗಡ್ಯಾಗಿನ ದುಂಡನ ಅರ ಸಿಕ್ಕಿತ್ತು. ಅಣ್ಣಂದು ಚೂಪು ಇತ್ತು, ನಂದು ಬ್ಯಾರೆ ಇರಲಿ ಅಂದೆ.”

ಅವರ ಕೆಲಸದ ರೀತಿ ಹೀಗಿತ್ತು. ಚಾಲ್ತಿಯಲ್ಲಿದ್ದ ಬಾಡಿ ಆಗ ಒಂದೇ. ಹೊರಗಿನ ಕೋಣೆಯಲ್ಲಿ ಅಣ್ಣ ಗಂಡಸರನ್ನು, ಕುಟುಂಬಗಳನ್ನು ತೆಗೆಯುತ್ತಿದ್ದರು, ಪ್ರಿಸಂ ಹಾಕಿ, ಸ್ಟ್ಯಾಂಡಿನ ಮೇಲೆ. ಒಳಗಿನ ಕೋಣೆಯಲ್ಲಿ ಹೆಂಗಸರು ಇದ್ದಾಗ ತನ್ನ ಮ್ಯಾಗಜೀನಿಗೆ ಕಡ್ಡಿ ತೂರಿಸಿ ಕಳಚಿ ಇಟ್ಟುಕೊಂಡು, ಬರಿಯ ಬಾಡಿಯನ್ನು ಪರದೆಯ ಕೆಳಗಿನಿಂದ ಒಳಗೆ ಜಾರಿಸುತ್ತಿದ್ದರು. ಒಳಗೆ ತಂಗಿ ಮಡಚುಕಿಂಡಿ ಹಾಕಿ, ತನ್ನ ಡಬ್ಬಿ ನಾಲ್ಕನ್ನು ಸಿಕ್ಕಿಸಿ ತೆಗೆಯುತ್ತಿದ್ದರು. ಬಾಡಿ ಪರದೆ ದಾಟುತ್ತಿತ್ತು, ಫಿಲ್ಮು ದಾಟುತ್ತಿರಲಿಲ್ಲ. ತೊಳೆಯುವುದು, ಪ್ರಿಂಟು ಹಾಕುವುದು ಎಲ್ಲ ತಂಗಿಯೇ. ಅಣ್ಣ ಆ ನೆಗೆಟಿವ್‌ಗಳನ್ನು ಒಮ್ಮೆಯೂ ನೋಡಿದವರಲ್ಲ.

“ಮ್ಯಾಲಿಂದ ಬಗ್ಗಿ ನೋಡೂ ಕಿಂಡಿ ಚಲೋ ಇತ್ತು,” ಎಂದರು. “ಎದುರಿಗೆ ಕುಂತಾಕಿಗೆ ನನ್ನ ಕಣ್ಣು ಕಾಣತಿರಲಿಲ್ಲ. ನಾ ಏನೋ ಅಕ್ಕಿ ಆರಸಾಕತ್ತೇನಿ ಅನ್ನೂಹಂಗ ಇರತಿದ್ದೆ. ಆಕಿ ತನ್ನಷ್ಟಕ್ಕ ಇರತಿದ್ಲು.”

ಟ್ರಂಕಿನ ಚಿತ್ರಗಳಲ್ಲಿ ಕೆಲವನ್ನು ಸಂಯೋಜಕರು ಆರಿಸಿ, ದೊಡ್ಡದಾಗಿ ಪ್ರಿಂಟು ಹಾಕಿಸಿ, ಆಗಲೇ ಗ್ಯಾಲರಿಯ ಗೋಡೆಗೆ ಹೊಡೆಸಿದ್ದ ಫಲಕಗಳ ಚಿತ್ರ ನನ್ನ ಮೊಬೈಲಿನಲ್ಲಿತ್ತು. ಒಟ್ಟು ಮೂವತ್ತೆಂಟು ಫಲಕ, ಅದರಲ್ಲಿ ಹನ್ನೊಂದು ಡಬ್ಬಿ ನಾಲ್ಕರವು. ಆ ಹನ್ನೊಂದನ್ನು ಒಂದೇ ಗೋಡೆಗೆ ಕೂಡಿಸಿ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: ‘ಕಲಾವಿದನ ಕಣ್ಣಲ್ಲಿ ಬ್ಯಾಡಗಿಯ ಚೆಲುವೆಯರು’. ಕೆಳಗೆ ಅವರ ಅಣ್ಣನ ಹೆಸರು.

ಅವರು ಮೊಬೈಲನ್ನು ದೂರ ಹಿಡಿದು ಓದಿದರು. ಆಮೇಲೆ ಬಾಗಿಲ ಹತ್ತಿರದ ದೊಡ್ಡ ಫಲಕದ ಮೇಲೆ ಬೆರಳಿಟ್ಟರು. ತಲೆಗೆ ಎರೆದುಕೊಂಡು ಕೂದಲು ಬಿಟ್ಟ ಬಾಣಂತಿ ಅದರಲ್ಲಿದ್ದಳು.

“ಈಕಿ ಗುತ್ತಲದಾಕಿ. ಈಗೂ ಅದಾಳ, ಮಕ್ಕಳ ಮದಿವಿ ಮಾಡಿ ಮೊಮ್ಮಕ್ಕಳನ್ನ ಕಂಡಾಳ. ಅವತ್ತ ಈಕಿ ಗಂಡ ಪರದಿ ಹೊರಗ ಕುಂತಿದ್ದ. ಅಕ್ಕಾರ ತಗದ್ರ ಅಷ್ಟ, ಇಲ್ಲಂದ್ರ ಬ್ಯಾಡ ಅಂದಿದ್ದ. ನಾ ಮಾತ ಕೊಟ್ಟಿದ್ದೆ. ಈಗ ಗಂಡಸು ತಗದಾನ ಅಂತ ಗೋಡಿ ಮ್ಯಾಲ ಬರದ್ರ, ಈಕಿ ಮನಿಯಾಗ ಏನಂತ ಹೇಳಬೇಕು?”

“ನಿಮ್ಮ ಹೆಸರು ಹಾಕಿಸ್ತೀನ್ರಿ,” ಎಂದೆ.

“ನನ್ನ ಹೆಸರು ಇರಲಿ, ಬಿಡಲಿ. ಗಂಡಸಿನ ಹೆಸರು ಇರಬಾರದು. ಮತ್ತ ಅವರನ್ನ ಕೇಳದ ಗೋಡಿಗೆ ಹಾಕಬಾರದು. ಇಷ್ಟ ಮಾಡು.”

ಹಾವೇರಿಗೆ ಹಿಂತಿರುಗುವ ಬಸ್ಸಿನಲ್ಲಿ ನನ್ನ ಕಾರ್ಡುಗಳ ನೆನಪೇ ಬರುತ್ತಿತ್ತು. ಗೋಡೆಯ ಮೇಲಿನ ಸುಳ್ಳು ಬಂದದ್ದು ಆ ಕಾರ್ಡುಗಳಿಂದ. ಸ್ಟಾಂಪು ಒತ್ತಿದವಳು ನಾನು.

ಉದ್ಘಾಟನೆಗೆ ನಾಲ್ಕು ದಿನ ಉಳಿದಿತ್ತು. ಪರೀಕ್ಷೆಯ ನಾಲ್ಕು ಪಟ್ಟಿ, ಹಳೆಯ ನೆಗೆಟಿವ್‌ನ ನಾಲ್ಕು ಪಟ್ಟಿ ಜೋಡಿಸಿ ಸಂಯೋಜಕರ ಮೇಜಿನ ಮೇಲಿಟ್ಟೆ. ಕಚ್ಚುಗಳನ್ನು ತೋರಿಸಿದೆ, ಚೀಟಿಯನ್ನು ತೋರಿಸಿದೆ, ರಾಣೆಬೆನ್ನೂರಿನ ಮಾತು ಹೇಳಿದೆ. ಅವರು ಆಸಕ್ತಿಯಿಂದಲೇ ಕೇಳಿದರು. ಅದೇ ನನ್ನನ್ನು ಹೆಚ್ಚು ಕೆರಳಿಸಿತು.

“ಭಾಳ ಚಲೋ ಸಂಶೋಧನೆ ತಂಗಿ. ಇದರ ಮ್ಯಾಲ ನೀ ಒಂದು ಲೇಖನ ಬರಿ. ಆದ್ರ ಜನ ಫೋಟೋ ನೋಡಾಕ ಬರ್ತಾರ, ಅಂಚು ನೋಡಾಕಲ್ಲ. ಫಲಕ ಪ್ರಿಂಟ್ ಆಗ್ಯಾವ. ಬೇಕಾದ್ರ ಕೆಳಗ ಒಂದು ಸಣ್ಣ ಚೀಟಿ ಹಚ್ಚೋಣು, ‘ಸಹಾಯ: ಸಹೋದರಿ’ ಅಂತ.”

“ಸಹಾಯ ಮಾಡಿದ್ದು ಅಣ್ಣ, ಸರ್. ಬಾಡಿ ಜಾರಿಸಿ ಕೊಟ್ಟಿದ್ದು ಅವರು.”

“ಸಿಟ್ಟಿಗೇಳಬ್ಯಾಡ. ನೀ ಇನ್ನೂ ಸಣ್ಣಾಕಿ. ಒಂದು ಕಾರ್ಯಕ್ರಮ ನಿಂದ್ರಸೂದು ಎಷ್ಟ ಕಷ್ಟ ಅನ್ನೂದು ನಿನಗ ಗೊತ್ತಿಲ್ಲ.”

ನಾನು ಸಿಟ್ಟು ಬಂದಾಗ ದನಿ ಏರಿಸುವವಳಲ್ಲ. ನನ್ನ ಅಕ್ಷರ ಸಣ್ಣದಾಗುತ್ತದೆ. ಆ ದಿನದ ಟಿಪ್ಪಣಿಗಳನ್ನು ಈಗ ಭೂತಗನ್ನಡಿ ಇಲ್ಲದೆ ಓದಲಾಗುವುದಿಲ್ಲ. ಆ ಹೆಂಗಸರು ಒಂದು ಷರತ್ತಿನ ಮೇಲೆ ಸೆರಗು ಸರಿಸಿದ್ದರು. ಆ ಷರತ್ತನ್ನು ಮೂವತ್ತೈದು ವರ್ಷ ಒಂದು ಉಕ್ಕಿನ ತಗಡು, ಒಂದು ಪರದೆ, ಒಬ್ಬ ಅಣ್ಣ ಮತ್ತು ತಂಗಿ ಕಾಪಾಡಿದ್ದರು. ನಾವು ಅದನ್ನು ಮುರಿದದ್ದು ಸೊಗಸಾದ ಒಂದು ಶೀರ್ಷಿಕೆಗಾಗಿ. ಅದನ್ನು ಸರಿಪಡಿಸುವುದಕ್ಕಿಂತ ಸಮಾರಂಭದ ಕುರ್ಚಿಗಳ ಬಾಡಿಗೆ ದೊಡ್ಡ ವಿಷಯವಾಗಿತ್ತು. ಓದಿದವರು, ಸಭ್ಯರು, ತಂಗಿ ಎಂದು ಕರೆಯುವವರು ಹೀಗೆ ಮಾಡುವಾಗ ಬರುವ ಸಿಟ್ಟಿಗೆ ಎಲ್ಲಿ ಹೋಗಬೇಕೆಂದು ತಿಳಿಯುವುದಿಲ್ಲ.

ನಾನು ಕಡತಕ್ಕೆ ಹೋದೆ. ವರದಿಗೆ ಸಹಿ ಮಾಡುವ ಮುನ್ನ ದಾನಪತ್ರವನ್ನು ಮತ್ತೊಮ್ಮೆ ಓದುವುದು ಕ್ರಮ, ಅದನ್ನೇ ಮಾಡಿದೆ. ನಮ್ಮ ಅಚ್ಚಾದ ನಮೂನೆಯಲ್ಲಿ ‘ಸ್ಟುಡಿಯೋದಲ್ಲಿ ತೆಗೆದ ಎಲ್ಲ ನೆಗೆಟಿವ್‌ಗಳನ್ನು’ ಎಂದಿತ್ತು. ಮಗ ‘ಸ್ಟುಡಿಯೋದಲ್ಲಿ’ ಎಂಬುದನ್ನು ಹೊಡೆದುಹಾಕಿ, ಮೇಲೆ ತನ್ನ ಕೈಯಾರೆ ‘ನನ್ನ ತಂದೆಯವರು ಸ್ವತಃ’ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದ್ದರು. ತಂದೆಯ ಹೆಸರು ಎಲ್ಲೂ ತಪ್ಪಬಾರದೆಂಬ ಎಚ್ಚರ. ‘ಸ್ವತಃ’ದ ಕೆಳಗೆ ಗೆರೆ ಕೂಡ ಎಳೆದಿದ್ದರು.

ಆ ಗೆರೆಯ ಮೇಲೆ ಬೆರಳಿಟ್ಟು ಸಾಲನ್ನು ಮತ್ತೊಮ್ಮೆ ಓದಿದೆ. ನಂತರ ವರದಿ ಬರೆದೆ. ನಾಲ್ಕು ಮ್ಯಾಗಜೀನು, ಕವಚದ ಸಂಖ್ಯೆ, ಒಳತುಂಡಿನ ಸಂಖ್ಯೆ, ಕಚ್ಚಿನ ಆಕಾರ, ಅಳತೆ, ಸ್ಟುಡಿಯೋದ ಬಳಕೆಯ ಹೆಸರು, ಬಳಸಿದವರು. ಕೊನೆಯಲ್ಲಿ ಒಂದು ಸಾಲು: ‘ಡಬ್ಬಿ ೪ರ ಇಪ್ಪತ್ತಾರು ರೋಲುಗಳು ದಾನಿಯ ತಂದೆಯವರು ಸ್ವತಃ ತೆಗೆದವಲ್ಲ, ಆದ್ದರಿಂದ ದಾನಪತ್ರದ ಪ್ರಕಾರ ಅವು ಈ ಸಂಗ್ರಹಕ್ಕೆ ಬಂದಿಲ್ಲ.’

ಮರುದಿನ ಬ್ಯಾಡಗಿಯ ಮಗ ಬಂದರು. ಸಂಯೋಜಕರು ಕರೆಸಿದ್ದರು. ಅವರು ಕುಳಿತುಕೊಳ್ಳಲಿಲ್ಲ.

“ಇದೇನ್ರಿ ಮೇಡಂ? ನಮ್ಮ ಅಬ್ಬಾಂದ ಕ್ಯಾಮೆರಾ, ನಮ್ಮ ಅಬ್ಬಾಂದ ಸ್ಟುಡಿಯೋ. ಪುಗಸಟ್ಟೆ ಕೊಟ್ಟೇವಿ. ಮ್ಯಾಲ ನೀವು ಅಬ್ಬಾನ ಹೆಸರ ತಗಿಯಾಕತ್ತೀರಿ.”

“ಇಪ್ಪತ್ತೇಳು ಫಲಕದ ಮೇಲೆ ಅವರ ಹೆಸರು ಇರತದ್ರಿ. ಅವೆಲ್ಲ ಅವರವೇ. ಈ ಹನ್ನೊಂದರ ಬಗ್ಗೆ ಒಂದೇ ಪ್ರಶ್ನೆ.” ನಾನು ಬಾಣಂತಿಯ ಚಿತ್ರವನ್ನು ಮುಂದಿಟ್ಟೆ. “ಇದನ್ನ ನಿಮ್ಮ ತಂದೆಯವರು ಸ್ವತಃ ತಗದಾರ ಅಂದ್ರ, ಆವತ್ತ ಅವರು ಪರದಿ ಒಳಗ ಇದ್ರು ಅಂತಾಯ್ತು. ಹಂಗ ಬರೀಲೇನ್ರಿ?”

ಅವರು ಚಿತ್ರವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಒಂದು ಸಲ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ಈ ಚಿತ್ರವನ್ನು ಅವರೇ ಆರು ಅಡಿಗೆ ಪ್ರಿಂಟು ಹಾಕಿ ಕೊಟ್ಟಿದ್ದರು. ನಿಜವಾಗಿ ನೋಡಿದ್ದು ಆಗಲೇ ಎಂದು ನನಗೆ ಅನ್ನಿಸಿತು.

“ನಮ್ಮ ಅಬ್ಬಾ ಪರದಿ ದಾಟಿದವರಲ್ಲ,” ಎಂದರು.

“ಗೊತ್ತದರಿ.”

“ಒಳಗ ಹೆಣ್ಮಕ್ಕಳಿದ್ರ ಕೆಮ್ಮಿ ಕ್ಯಾಮೆರಾ ಸರಸತಿದ್ರು. ನಾ ಸಣ್ಣಾವಿದ್ದಾಗ ನೋಡೇನಿ.” ಆಮೇಲೆ ಕೇಳಿದರು, “ಫೂಫಿ ಏನಂದ್ರು? ನನಗ ಬೈದ್ರೇನು?”

“ನಿಮ್ಮ ಸುದ್ದಿ ಆಡಲಿಲ್ರಿ.”

“ಅದ ನೋಡ್ರಿ ಕೆಟ್ಟದ್ದು,” ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಪೆನ್ನು ಕೇಳಿದರು. ಇಪ್ಪತ್ತಾರು ರೋಲುಗಳು ತನ್ನ ದಾನದಲ್ಲಿ ಸೇರಿಲ್ಲ, ಅವು ತನ್ನ ಅತ್ತೆಯವು ಎಂದು ವರದಿಯ ಕೆಳಗೆ ಬರೆದು ಸಹಿ ಹಾಕಿದರು. ಈ ಬಾರಿ ಯಾವ ಶಬ್ದದ ಕೆಳಗೂ ಗೆರೆ ಎಳೆಯಲಿಲ್ಲ.

ಸಂಯೋಜಕರು ಅಷ್ಟೂ ಹೊತ್ತು ಆಮಂತ್ರಣ ಪತ್ರಿಕೆಯ ಕಟ್ಟನ್ನು ನೇರ ಮಾಡುತ್ತಿದ್ದರು. “ಒಂದು ಗೋಡಿ ಖಾಲಿ ಉಳೀತದಲ್ಲವಾ,” ಎಂದರು. “ಫಲಕ ಇಳಸಾಕ ಈಗ ಆಳ ಎಲ್ಲಿಂದ ತರ್ಲಿ?”

ನಾನೇ ಇಳಿಸಿದೆ. ಒಂದೊಂದಕ್ಕೆ ನಾಲ್ಕು ಸ್ಕ್ರೂ, ನಲವತ್ತನಾಲ್ಕು ಸ್ಕ್ರೂ. ಲೆನ್ಸು ಬಿಡಿಸಲು ಬಳಸಿದ ಅದೇ ಉದ್ದನೆಯ ಸ್ಕ್ರೂಡ್ರೈವರು. ಕರ್ಜಗಿಯ ಸಹಾಯಕರು ಏಣಿ ಹಿಡಿದರು, ಪ್ರತಿ ಫಲಕವನ್ನೂ ನೋಡದೆ ತೆಗೆದುಕೊಂಡು ಮುಖ ಗೋಡೆಗೆ ಮಾಡಿ ಇಟ್ಟರು. ಶೀರ್ಷಿಕೆಯ ಅಕ್ಷರಗಳು ಅಂಟಿನವು, ಉಗುರಿನಿಂದ ಕೀಳಬೇಕಾಯಿತು. ‘ಕಲಾವಿದನ’ ಎಂಬುದರ ‘ನ’ ಕೊನೆಯವರೆಗೂ ಬರಲಿಲ್ಲ. ಅದರ ಮೇಲೆ ಸುಣ್ಣ ಹಚ್ಚಿದೆ.

ಗಾಜಿನ ಕಪಾಟಿನಲ್ಲಿ ನಾಲ್ಕನೆಯ ಮ್ಯಾಗಜೀನು ಉಳಿಯಿತು. ಉಪಕರಣಗಳು ಅಣ್ಣನವು, ದಾನವಾಗಿ ಬಂದವು, ಅದರಲ್ಲಿ ತಕರಾರಿರಲಿಲ್ಲ. ಲೇಬಲ್ ಬರೆಯುವುದು ನನ್ನ ಕೆಲಸ. ರಾಣೆಬೆನ್ನೂರಿಗೆ ಫೋನು ಮಾಡಿ ಕೇಳಿ, ಅವರು ಹೂಂ ಎಂದ ಮೇಲೆ, ‘ಡಬ್ಬಿ ೪. ಕವಚ 471, ಒಳತುಂಡು 471. ಬಳಸಿದವರು’ ಎಂದು ಬರೆದು ಅವರ ಪೂರ್ಣ ಹೆಸರು ಸೇರಿಸಿದೆ. ದೊಡ್ಡ ಅಕ್ಷರದಲ್ಲಿ ಬರೆದೆ. ರಬ್ಬರ್ ಸ್ಟಾಂಪನ್ನು ಡಬ್ಬಿ ಒಂದು, ಎರಡು, ಮೂರರ ಕಾರ್ಡುಗಳಿಗಾಗಿ ಉಳಿಸಿಕೊಂಡೆ. ನಾಲ್ಕರ ಇಪ್ಪತ್ತಾರು ಕಾರ್ಡುಗಳನ್ನು ಹರಿದೆ.

ಮರುದಿನ ಬೆಳಿಗ್ಗೆ ಏಳೂಮುಕ್ಕಾಲಿನ ಬಸ್ಸಿಗೆ ರಾಣೆಬೆನ್ನೂರಿಗೆ ಹೋದೆ. ಇಪ್ಪತ್ತಾರು ಲಕೋಟೆಗಳು ತೊಡೆಯ ಮೇಲಿದ್ದವು. ಅವರು ಸ್ವೀಕೃತಿ ಪತ್ರಕ್ಕೆ ಸಹಿ ಮಾಡಿದರು, ಮೊದಲ ಲಕೋಟೆ ಬಿಡಿಸಿದರು, ಪಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಅಂಗಳದ ಬೆಳಕಿಗೆ ಎತ್ತಿದರು.

“ಈಕಿ,” ಎಂದು ಮೊದಲ ಹೆಂಗಸಿನ ಹೆಸರು ಹೇಳಿದರು. ಆಮೇಲೆ ಎರಡನೆಯವಳದು. ಯಾರ ಸೊಸೆ, ಯಾವ ಓಣಿ, ಈಗ ಎಲ್ಲಿದ್ದಾಳೆ, ಯಾರನ್ನು ಮೊದಲು ಕೇಳಬೇಕು.

ಪೆನ್ಸಿಲು ನನ್ನ ಚೀಲದಲ್ಲಿತ್ತು. ನಾನು ತೆಗೆಯಲಿಲ್ಲ. ಕುಳಿತು ಕೇಳಿದೆ.